ರೈಲಿನಲ್ಲಿ ಕಳೆದುಹೋದ ಪದಕ

ಕ್ರಿಮಿಯಾ ಯುದ್ಧವೆಂದರೆ ನಮಗೆ ನೆನಪಾಗುವುದು ಕಪ್ಪು ಸಮುದ್ರ. ಆ ಯುದ್ಧದ ಇನ್ನೊಂದು ಕಣ ದೂರದ ಬಾಲ್ಟಿಕ್ ಸಮುದ್ರದಲ್ಲಿತ್ತು. 1854ರ ಜೂನ್ 21ರಂದು ಅಲ್ಲಿನ ಬೋಮರ್‌ಸುಂಡ್ ಎಂಬ ರಷ್ಯನ್ ಕೋಟೆಯ ಮೇಲೆ ಮೂರು ಬ್ರಿಟಿಷ್ ಹಡಗುಗಳು ದಾಳಿ ನಡೆಸಿದವು. ಕೋಟೆಯಿಂದ ಹಾರಿಬಂದ ಸಿಡಿಗುಂಡೊಂದು ‘ಹೆಕ್ಲಾ’ ಹಡಗಿನ ಡೆಕ್ಕಿನ ಮೇಲೆ ಬಿತ್ತು. ಬತ್ತಿ ಇನ್ನೂ ಉರಿಯುತ್ತಿತ್ತು. ಎಲ್ಲರೂ ಬೋರಲು ಮಲಗಬೇಕೆಂದು ಆಜ್ಞೆಯಾಯಿತು. ಐರ್ಲೆಂಡಿನ ಇಪ್ಪತ್ತು ವರ್ಷದ ಚಾರ್ಲ್ಸ್ ಡೇವಿಸ್ ಲೂಕಸ್ ಮಾತ್ರ ಮಲಗಲಿಲ್ಲ. ಓಡಿಹೋಗಿ ಗುಂಡನ್ನೆತ್ತಿ ಕಡಲಿಗೆಸೆದ. ನೀರು ಮುಟ್ಟುವ ಮೊದಲೇ ಅದು ಸಿಡಿಯಿತು. ಹಡಗಿನ ಮಂದಿ ಉಳಿದುಕೊಂಡರು.

ಕ್ಷಣಮಾತ್ರದ ಈ ಸಾಹಸ ಇಂದಿಗೂ ಉಳಿದಿರುವುದು ಕ್ಯಾಪ್ಟನ್ ವಿಲಿಯಂ ಹಾಲ್ ಅದನ್ನು ಮೇಲಧಿಕಾರಿಗೆ ವರದಿ ಮಾಡಿದ್ದರಿಂದ. ಲೂಕಸನಿಗೆ ಬಡ್ತಿ ಸಿಕ್ಕಿತು. 1856ರಲ್ಲಿ ವಿಕ್ಟೋರಿಯಾ ಕ್ರಾಸ್ ಸ್ಥಾಪನೆಯಾದಾಗ, ಆ ಪದಕ ಪಡೆದ ಸಾಹಸಗಳಲ್ಲಿ ಕಾಲದ ಲೆಕ್ಕಕ್ಕೆ ಇದೇ ಮೊದಲನೆಯದಾಯಿತು. 1857ರ ಜೂನ್ 26ರಂದು ಲಂಡನ್ನಿನ ಹೈಡ್ ಪಾರ್ಕಿನಲ್ಲಿ ರಾಣಿ ವಿಕ್ಟೋರಿಯಾ 62 ಮಂದಿಗೆ ಪದಕ ತೊಡಿಸಿದಳು. ಅವರಲ್ಲಿ ಲೂಕಸನೂ ಇದ್ದ.

ಈ ಪದಕ ಸೈನಿಕನ ದರ್ಜೆ ನೋಡುತ್ತಿರಲಿಲ್ಲ ಎಂಬುದು ಅದರ ಹೆಗ್ಗಳಿಕೆ. ಆದರೆ ಲೂಕಸ್ ಮೊದಲು ಕಾದಾಡಿದ 1852ರ ಬರ್ಮಾ ಯುದ್ಧದಲ್ಲಿ ಮದ್ರಾಸ್ ಸೇನೆಯ ಭಾರತೀಯ ಸಿಪಾಯಿಗಳೂ ಇದ್ದರು. ಅಂಥ ಸಿಪಾಯಿಗಳಿಗೆ ವಿಕ್ಟೋರಿಯಾ ಕ್ರಾಸ್‌ನ ಬಾಗಿಲು ತೆರೆದದ್ದು 1911ರಲ್ಲಿ.

ಲೂಕಸ್ ರಿಯರ್ ಅಡ್ಮಿರಲ್ ಆದ, ತನ್ನ ಕ್ಯಾಪ್ಟನ್ ಹಾಲ್‌ನ ಮಗಳನ್ನೇ ಮದುವೆಯಾದ. ಮುಂದೊಮ್ಮೆ ಪದಕಗಳನ್ನೆಲ್ಲ ರೈಲಿನಲ್ಲಿ ಮರೆತುಬಿಟ್ಟ. ಅವು ಮರಳಿ ಸಿಗಲೇ ಇಲ್ಲ. 1914ರ ಆಗಸ್ಟ್ 7ರಂದು, ಬ್ರಿಟನ್ ಮಹಾಯುದ್ಧಕ್ಕಿಳಿದ ಮೂರನೇ ದಿನ, ಅವನು ತೀರಿಕೊಂಡ.

ಲೋಹ ಕಳೆದರೂ ಕಥೆ ಕಳೆಯಲಿಲ್ಲ, ಏಕೆಂದರೆ ಬರಹವಿತ್ತು. ಅಂತರಸಂತೆಯಂಥ ಕಡಲು ಕಾಣದ ಸೀಮೆಯವರಿಗೂ ಇದು ಹೊಸ ಮಾತೇನಲ್ಲ. ವೀರಗಲ್ಲುಗಳು ನಮ್ಮಲ್ಲಿ ಮಾಡಿದ್ದು ಇದೇ ಕೆಲಸ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಹತ್ತನೇ ಶತಮಾನದ ಮಣಲೇರ ಕಲ್ಲು ನಿಲ್ಲಿಸಿದ್ದು ಹಂದಿಯೊಡನೆ ಹೋರಾಡಿ ಸತ್ತ ತನ್ನ ನಾಯಿ ಕಾಳಿಗೆ. ಸಾವಿರ ವರ್ಷ ದಾಟಿದರೂ ಕಾಳಿಯ ಹೆಸರು ನಮಗೆ ಗೊತ್ತು. ಬರ್ಮಾಕ್ಕೆ ಹಡಗು ಹತ್ತಿದ ಸಿಪಾಯಿಗಳಲ್ಲಿ ಎಷ್ಟು ಮಂದಿಯ ಹೆಸರು ಗೊತ್ತು? ಧೈರ್ಯ ಅವರಲ್ಲೂ ಇತ್ತು. ಅದನ್ನು ಬರೆದಿಡುವ ಹಾಲ್ ಆಗಲಿ ಮಣಲೇರನಾಗಲಿ ಇರಲಿಲ್ಲ.