ನಿಪ್ಪಾಣಿ ತಂಬಾಕು ಮತ್ತು ಸರಕಾರದ ಸುಂಕ

ಬೆಳ್ಳಿಹಬ್ಬದ ಈ ಸಂಚಿಕೆಯಲ್ಲಿ ಸಾಲ-ವಸೂಲಿಯ ಮಾತು ಬಂದೇ ಬರತದ. ನಾನು ಬೇರೊಂದು ವಸೂಲಿಯ ಇತಿಹಾಸ ಹೇಳುವವನಿದ್ದೇನೆ. ನಿಪ್ಪಾಣಿ, ಚಿಕ್ಕೋಡಿ ಭಾಗದಲ್ಲಿ ಬೆಳೆಯುವ ಬೀಡಿ ತಂಬಾಕಿನ ಮೇಲಿನ ಸುಂಕದ್ದು.

ಎರಡನೇ ಮಹಾಯುದ್ಧದ ಕಾಲಕ್ಕೆ, 1943ರಲ್ಲಿ, ಬ್ರಿಟಿಷ್ ಸರಕಾರ ತಂಬಾಕಿನ ಎಲೆಗೇ ಸುಂಕ ಹಚ್ಚಿತು. ಭೂಮಿಯ ಕಂದಾಯ ಕೊಟ್ಟರೆ ತೀರಿತು, ಇದು ಹಾಗಲ್ಲ. ಎಷ್ಟು ಬಿತ್ತಿದೆ ಎಂದು ರೈತ ಬರೆದು ಕೊಡಬೇಕು, ಎಲೆ ಹದ ಮಾಡುವವನಿಗೆ ಲೈಸೆನ್ಸು ಬೇಕು, ಮಾಲು ಸಾಗಿಸಲು ಪರ್ಮಿಟ್ಟು ಬೇಕು. ಸುಂಕ ಮುಟ್ಟುವ ತನಕ ಮಾಲು ಲೈಸೆನ್ಸಿನ ವಖಾರದಲ್ಲೇ. ರೊಕ್ಕ ಕಟ್ಟುವವ ವ್ಯಾಪಾರಸ್ಥ, ಖರೆ. ಆದರ ಅಂವಾ ತನ್ನ ಗಂಟಿನಿಂದ ಯಾಕ ಕೊಟ್ಟಾನು? ರೇಟು ಇಳಿಸಿ ರೈತನ ಮೇಲೆ ಹೊರಿಸಬಹುದು, ಇಲ್ಲಾ ಬೀಡಿ ಸೇದುವ ಕೂಲಿಯವನ ಮೇಲೆ. ಬಡವನ ಚಟಕ್ಕೆ ಹಾಕಿದ ಸುಂಕ ಕಡೀಕ ಬಡವನೇ ಕಟ್ಟತಾನ.

ಆ ರೊಕ್ಕ ಎಲ್ಲಿ ಹೋಯಿತು? ತಂಬಾಕು, ಬೆಂಕಿಪೊಟ್ಟಣ, ವನಸ್ಪತಿಯ ಸುಂಕದಲ್ಲಿ ಶೇ. 40ನ್ನು ರಾಜ್ಯಗಳಿಗೆ ಹಂಚಬೇಕೆಂದು ಮೊದಲನೇ ಹಣಕಾಸು ಆಯೋಗ 1952ರಲ್ಲಿ ಹೇಳಿತು. ಹಂಚುವ ಅಳತೆ ಜನಸಂಖ್ಯೆ, ಬೆಳೆದ ಊರಲ್ಲ. ನಾವು ಆಗ ಮುಂಬಯಿ ರಾಜ್ಯದವರು. ನಮ್ಮ ಬೆವರು ಮಂದಿ ತಾಟಿಗೆ ಹೋಯಿತೆಂದು ಯಾರಾದರೂ ಅನ್ನಬಹುದು. ನನಗ ಹಂಗ ಅನಿಸೂದಿಲ್ಲ. ಅಥಣಿ, ರಾಯಬಾಗದ ಹೊಲಗಳಿಗೆ ಹಿಪ್ಪರಗಿ ಬ್ಯಾರೇಜಿನ ನೀರು ಬಂದದ್ದು ಈ ತಾಲೂಕುಗಳ ತೆರಿಗೆಯಿಂದಷ್ಟೇ ಅಲ್ಲವಲ್ಲ! ಹಂಚಿಕೆಗೆ ನನ್ನ ತಕರಾರಿಲ್ಲ. ಯಾರಿಂದ ವಸೂಲಿ, ಲೆಕ್ಕ ಯಾರಿಗೆ ಕೊಡತಾರ ಅನ್ನೂದಕ್ಕ ತಕರಾರು. ನಮ್ಮ ಸಂಘದ ನಿವ್ವಳ ಲಾಭದಲ್ಲಿ ಶೇ. 25 ಕಾಯ್ದಿಟ್ಟ ನಿಧಿಗೆ ಹೋಗತದ. ಯಾರೂ ತಂಟೆ ತೆಗೆಯುವುದಿಲ್ಲ, ಯಾಕಂದರ ವಾರ್ಷಿಕ ಸಭೆಯಲ್ಲಿ ಎಲ್ಲರೆದುರು ಲೆಕ್ಕ ಓದತಾರ.

1979ರ ಬಜೆಟ್ಟಿನಲ್ಲಿ ಚರಣಸಿಂಗರು ಎಲೆಯ ಮೇಲಿನ ಸುಂಕ ತೆಗೆದು, ತಯಾರಾದ ಮಾಲಿಗೆ ಹಚ್ಚಿದರು. ಪರ್ಮಿಟ್ಟಿನ ಕಾಟ ತಪ್ಪಿತು. ರೇಟು ಮಾತ್ರ ವ್ಯಾಪಾರಸ್ಥರ ಕೈಯಾಗ ಉಳಿಯಿತು. 1981ರಲ್ಲಿ ಶರದ ಜೋಶಿಯವರ ಮುಂದಾಳತ್ವದಲ್ಲಿ ರೈತರು ನಿಪ್ಪಾಣಿ ಹತ್ತಿರ ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆ ಕುಳಿತರು. ಎಪ್ರಿಲ್ 6ರ ಗೋಲಿಬಾರಿನಲ್ಲಿ ಜೀವ ತೆತ್ತರು. ಅವರು ಕೇಳಿದ್ದು ಸುಂಕದ ಮಾಫಿಯಲ್ಲ, ಯೋಗ್ಯ ಬೆಲೆ.

ಬೀಡಿ ಕಟ್ಟುವ ಹೆಣ್ಣುಮಕ್ಕಳ ಲೆಕ್ಕ ಬೇರೆ. 1976ರ ಕಾಯ್ದೆಗಳಂತೆ ಬೀಡಿಯ ಮೇಲೆ ಸೆಸ್ ಹಚ್ಚಿ, ಆ ನಿಧಿಯಿಂದ ಬೀಡಿ ಕೆಲಸಗಾರರಿಗೆ ದವಾಖಾನೆ, ಮನೆ ಕಟ್ಟಲು ನೆರವು, ಮಕ್ಕಳಿಗೆ ವಿದ್ಯಾರ್ಥಿವೇತನ ಸಿಗುವಂತಾಯಿತು. ಇಂಥಾದ್ದಕ್ಕ ಖರ್ಚು ಅಂತ ಮೊದಲೇ ಬರೆದಿಟ್ಟ ತೆರಿಗೆ ಅದು. 2017ರ ಜುಲೈ 1ಕ್ಕೆ ಜಿ.ಎಸ್.ಟಿ. ಬಂತು, ಸೆಸ್ ಹೋಯಿತು. ಬೀಡಿಗೆ ಶೇ. 28 ತೆರಿಗೆ ಕೂತಿತು. ಯೋಜನೆಗಳೇನೋ ಉಳಿದವು, ಆದರ ಬಜೆಟ್ಟಿನ ಅನುದಾನದ ಮೇಲೆ. ಆ ಹೆಣ್ಣುಮಕ್ಕಳ ಹೆಸರಿಗೇ ಇದ್ದ ರೊಕ್ಕ ಈಗ ವರ್ಷಾ ವರ್ಷಾ ದಿಲ್ಲಿಯಲ್ಲಿ ಮಂಜೂರಾಗಬೇಕು.