ಗೋಡೆಯಾಚೆಯ ಮೇವು

ಸ್ಕಾಟ್ಲೆಂಡಿನ ಆರ್ಕ್‌ನಿ ದ್ವೀಪಸ್ತೋಮದ ಉತ್ತರ ತುದಿಯಲ್ಲಿ ನಾರ್ತ್ ರೊನಾಲ್ಡ್ಸೆ ಎಂಬ ಪುಟ್ಟ ದ್ವೀಪವಿದೆ. ಅಲ್ಲಿಯ ಕುರಿಗಳ ಮೇವಿನ ವೇಳೆ ಕಡಲಿನ ಇಳಿತವನ್ನು ಅನುಸರಿಸುತ್ತದೆ. ನೀರು ಹಿಂದೆ ಸರಿಯುತ್ತಲೇ ಬಂಡೆಗಳಿಗೆ ಇಳಿದು ಕಡಲಪಾಚಿ ಮೇಯುತ್ತವೆ. ಉಬ್ಬರ ಬಂದರೆ ದಡಕ್ಕೇರಿ ಮೆಲುಕು ಹಾಕುತ್ತವೆ. ಹಗಲಾದರೂ ಇಷ್ಟೇ, ರಾತ್ರಿಯಾದರೂ ಇಷ್ಟೇ.

ಈ ಕುರಿಗಳ ಮಾಂಸಕ್ಕೆ ಗಾಢ ಕೆಂಪು ಬಣ್ಣ, ಬೇಟೆಮಾಂಸದಂಥ ಕಟುವಾದ ಸೊಗಡು. ಅಯೋಡಿನ್ ಅಂಶವೂ ಹೆಚ್ಚು. ಮೇವು ಬದಲಾದರೆ ಮಾಂಸದ ಗುಣ ಬದಲಾಗುತ್ತದೆ ಎಂಬುದಕ್ಕೆ ಇಷ್ಟು ಸ್ಪಷ್ಟವಾದ ನಿದರ್ಶನ ಅಪರೂಪ. ಆದರೆ ಇಲ್ಲಿ ಮೇವು ಬದಲಾದದ್ದು ರುಚಿಗಾಗಿ ಅಲ್ಲವೇ ಅಲ್ಲ.

ಆರ್ಕ್‌ನಿಯ ಕುರಿಗಳಿಗೆ ಪಾಚಿಯ ರುಚಿ ಬಹಳ ಹಳೆಯದು. ಅಲ್ಲಿನ ಹೋಮ್ ಆಫ್ ಪಾಪಾ ವೆಸ್ಟ್ರೆ ಎಂಬ ಕಿರುದ್ವೀಪದ ನವಶಿಲಾಯುಗದ ಗೋರಿಯಲ್ಲಿ ಸಿಕ್ಕ ಕುರಿಹಲ್ಲುಗಳನ್ನು ವಿಜ್ಞಾನಿಗಳು ಪರೀಕ್ಷಿಸಿದಾಗ, ಸುಮಾರು 5,000 ವರ್ಷಗಳ ಹಿಂದೆಯೇ ಚಳಿಗಾಲದಲ್ಲಿ ಅವು ಪಾಚಿ ತಿಂದ ಗುರುತು ಕಂಡಿತು. ಹುಲ್ಲು ಮುಗಿದ ತಿಂಗಳುಗಳಲ್ಲಿ ಹೊಟ್ಟೆ ತುಂಬಿಸಿದ ಪೂರಕ ಮೇವು ಅದು. ಪಾಚಿಯೇ ವರ್ಷದ ಮುಖ್ಯ ಆಹಾರವಾದದ್ದು ಮಾತ್ರ 19ನೆಯ ಶತಮಾನದಲ್ಲಿ.

1720ರ ದಶಕದಿಂದ ಆರ್ಕ್‌ನಿಯ ತೀರಗಳಲ್ಲಿ ಪಾಚಿಯನ್ನು ಒಣಗಿಸಿ ಸುಟ್ಟು, ಗಾಜು ಮತ್ತು ಸಾಬೂನು ತಯಾರಿಕೆಗೆ ಬೇಕಾದ ಕ್ಷಾರವನ್ನು ತೆಗೆಯುತ್ತಿದ್ದರು. ನೆಪೋಲಿಯನ್ ಯುದ್ಧಗಳ ಕಾಲದಲ್ಲಿ ಈ ಬೂದಿಗೆ ಭಾರಿ ಬೆಲೆ ಬಂತು, ಜಮೀನ್ದಾರರ ಕೈಗೆ ಹಣ ಹರಿಯಿತು. ಆಮೇಲೆ ಅಗ್ಗದ ವಿದೇಶಿ ಕ್ಷಾರವೂ ಕಾರ್ಖಾನೆಯ ಸೋಡಾವೂ ಮಾರುಕಟ್ಟೆಗೆ ನುಗ್ಗಿ, 1830ರ ಹೊತ್ತಿಗೆ ಆ ವ್ಯಾಪಾರ ನೆಲಕಚ್ಚಿತು. ಇನ್ನು ನೆಲದಿಂದಲೇ ಆದಾಯ ಬರಬೇಕು. ಬೆಳೆಗೂ ದನಗಳ ಹುಲ್ಲಿಗೂ ಬಾಯಿ ಹಾಕುವ ಕುರಿಗಳು ಬೇಡವಾದವು.

1832ರಲ್ಲಿ ದ್ವೀಪವನ್ನು ಸುತ್ತಿ ಕಲ್ಲಿನ ಗೋಡೆ ಎದ್ದಿತು. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಕೂರಿಸಿ ಕಟ್ಟಿದ ಇದರ ಎತ್ತರ ಆಳುದ್ದ, ಉದ್ದ 20 ಕಿಲೋಮೀಟರಿನ ಆಸುಪಾಸು. ಹೊಲ, ದನ, ಮನೆ ಒಳಗೆ. ಕುರಿ, ಕಡಲು ಹೊರಗೆ. ಲೆಕ್ಕದಲ್ಲಿ ನಷ್ಟವೆನಿಸಿದ ಪ್ರಾಣಿಯನ್ನು ಅಂಚಿಗೆ ತಳ್ಳಿದ ಕಟುವಾದ ತೀರ್ಮಾನವದು.

ಕುರಿಗಳು ಸಾಯಲಿಲ್ಲ. ಚಳಿಗಾಲದ ಬಿರುಗಾಳಿ ಕೆಲ್ಪ್ ಪಾಚಿಯನ್ನು ಕಿತ್ತು ರಾಶಿರಾಶಿಯಾಗಿ ದಡಕ್ಕೆ ಎಸೆಯುತ್ತದೆ. ಹಾಗಾಗಿ ಬೇರೆಡೆ ಕುರಿಗಳು ಸೊರಗುವ ಕಾಲದಲ್ಲೇ ಇವು ಮೈತುಂಬಿಕೊಳ್ಳುತ್ತವೆ. ಪಾಚಿಯಲ್ಲಿ ದೇಹಕ್ಕೆ ದಕ್ಕುವ ತಾಮ್ರ ಬಹಳ ಕಡಿಮೆ. ಅದಕ್ಕೆ ಒಗ್ಗಿದ ಈ ತಳಿ ಸಿಕ್ಕ ತಾಮ್ರವನ್ನು ಬೇರೆ ಕುರಿಗಳಿಗಿಂತ ಎಷ್ಟೋ ಚೆನ್ನಾಗಿ ಹೀರಿಕೊಳ್ಳುತ್ತದೆ. ಈ ಗುಣವೇ ಇದರ ದೌರ್ಬಲ್ಯವೂ ಹೌದು: ಬಹುಕಾಲ ಸಾಧಾರಣ ಹುಲ್ಲುಗಾವಲಿನಲ್ಲಿ ಬಿಟ್ಟರೆ ಯಕೃತ್ತಿನಲ್ಲಿ ತಾಮ್ರ ಶೇಖರವಾಗಿ ವಿಷವೇರುವ ಅಪಾಯವಿದೆ. ಪಾಚಿಯೊಂದಿಗೆ ಹೊಟ್ಟೆ ಸೇರುವ ಆರ್ಸೆನಿಕ್ಕನ್ನಂತೂ ಇವುಗಳ ದೇಹ ಬೇರೆ ರೂಪಕ್ಕೆ ತಿರುಗಿಸಿ ಮೂತ್ರದಲ್ಲಿ ಹೊರಹಾಕುತ್ತದೆ.

ಈಯುವ ಕಾಲದಲ್ಲಿ ಮಾತ್ರ ತಾಯಿಕುರಿಗಳಿಗೆ ಗೋಡೆಯೊಳಗೆ ಪ್ರವೇಶ. ವಸಂತದಿಂದ ಬೇಸಿಗೆಯ ಕೊನೆಯವರೆಗೆ ಮರಿಗಳೊಂದಿಗೆ ಹುಲ್ಲು ಮೇಯ್ದು, ಮತ್ತೆ ತೀರಕ್ಕೆ. ಉಣ್ಣೆ ಕತ್ತರಿಸಲು, ಎಣಿಸಲು, ಮಾಂಸಕ್ಕೆ ಆರಿಸಲು ಊರವರೆಲ್ಲ ಸೇರಿ ಹಿಂಡನ್ನು ಕಲ್ಲಿನ ದೊಡ್ಡಿಗಳಿಗೆ ಅಟ್ಟುತ್ತಾರೆ. ಯಾರು ಎಷ್ಟು ಕುರಿ ಸಾಕಬಹುದು, ಯಾವ ಮನೆಯವರು ಗೋಡೆಯ ಯಾವ ಭಾಗವನ್ನು ನೋಡಿಕೊಳ್ಳಬೇಕು ಎಂಬುದನ್ನು ನಿರ್ಧರಿಸಲು ‘ಕುರಿ ನ್ಯಾಯಾಲಯ’ವೇ ಇದೆ.

ಇಡೀ ತಳಿ ಒಂದೇ ತೀರದಲ್ಲಿದ್ದರೆ, ಹಡಗಿನ ಎಣ್ಣೆ ಸೋರಿ ಮೇವೆಲ್ಲ ಹಾಳಾದ ದಿನ ಅದರ ಕಥೆ ಮುಗಿದಂತೆ. ಹೀಗಾಗಿ 1970ರ ದಶಕದಲ್ಲಿ ಬ್ರಿಟನ್ನಿನ ‘ರೇರ್ ಬ್ರೀಡ್ಸ್ ಸರ್ವೈವಲ್ ಟ್ರಸ್ಟ್’ ಲಿಂಗಾ ಹೋಮ್ ಎಂಬ ನಿರ್ಜನ ದ್ವೀಪಕ್ಕೆ ಒಂದು ಹಿಂಡನ್ನು ಸಾಗಿಸಿತು. ಆ ಆತಂಕ ಸಕಾರಣವಾದದ್ದೇ. ಆದರೆ ನಾರ್ತ್ ರೊನಾಲ್ಡ್ಸೆಯಲ್ಲಿ ಇಂದು ಕಾಡುವ ದೊಡ್ಡ ಕೊರತೆ ಮನುಷ್ಯರದ್ದು. 19ನೆಯ ಶತಮಾನದಲ್ಲಿ 500ಕ್ಕೂ ಹೆಚ್ಚು ಜನರಿದ್ದ ಊರಿನಲ್ಲಿ ಈಗ ಉಳಿದವರು ನೂರಕ್ಕೂ ಕಡಿಮೆ, ಹಲವರಿಗೆ ವಯಸ್ಸಾಗಿದೆ. ಬಿರುಗಾಳಿ ಕೆಡವಿದ ಗೋಡೆಯನ್ನು ಎತ್ತಲು ಆ ಕೈಗಳು ಸಾಲುತ್ತಿಲ್ಲ. 2016ರಿಂದ ಬೇಸಿಗೆಯ ಕುರಿಹಬ್ಬಕ್ಕೆ ಹೊರಗಿನಿಂದ ಸ್ವಯಂಸೇವಕರು ಬಂದು ಕಲ್ಲು ಜೋಡಿಸುತ್ತಿದ್ದಾರೆ. 2019ರಲ್ಲಿ ಗೋಡೆಯ ದುರಸ್ತಿಗೆಂದೇ ಸಂಬಳದ ಹುದ್ದೆಯೂ ಸೃಷ್ಟಿಯಾಯಿತು.