ಎನ್‌ಎಚ್ 44: ಮಳೆ, ಮಂಜು, ಗುಡ್ಡ ಕುಸಿತ... ತಪ್ಪು ಯಾರದ್ದು?

ಎರಡು ಮಳೆಗಾಲದ ಹಿಂದೆ ಕೋಗಿಲು ಕ್ರಾಸ್ ಹತ್ತಿರ ಸರ್ವಿಸ್ ರೋಡಲ್ಲಿ ನಾನು ಸ್ಕೂಟರ್ ಸಮೇತ ಬಿದ್ದೆ. ಯಲಹಂಕದಲ್ಲಿ ಕೆಲಸ ಮುಗಿಸಿ ಆರ್‌.ಟಿ. ನಗರದ ಮನೆಗೆ ಹೊರಟಿದ್ದೆ. ರಸ್ತೆ ತುಂಬ ನೀರು, ನೀರಿನ ಕೆಳಗೆ ಗುಂಡಿ. ಹಿಂದೆ ಬರುತ್ತಿದ್ದ ಬಿಎಂಟಿಸಿ ಬಸ್ಸಿನ ಚಾಲಕ ಬ್ರೇಕ್ ಹಾಕಿದ್ದಕ್ಕೆ ಇವತ್ತು ಇದನ್ನು ಬರೆಯುತ್ತಿದ್ದೇನೆ. ಮುಂಗೈ ಮುರಿದಿತ್ತು, ಅಷ್ಟೇ. ಆಮೇಲೆ ದೂರು ಕೊಡಲು ಹೋದರೆ ಒಂದು ಕಚೇರಿಯವರು ‘ಅದು ನಮ್ಮ ವ್ಯಾಪ್ತಿಗೆ ಬರಲ್ಲ’ ಅಂದರು. ಇನ್ನೊಂದು ಕಚೇರಿಯವರು ‘ಅವತ್ತು ಮಳೆ ಜಾಸ್ತಿ ಇತ್ತಲ್ವಾ ಮೇಡಂ’ ಅಂದರು.

ಆ ಎರಡನೇ ಮಾತು ನನ್ನನ್ನು ಬಿಡಲಿಲ್ಲ. ಮಳೆ ಜಾಸ್ತಿ ಇತ್ತು, ಮಂಜು ಕವಿದಿತ್ತು, ಗುಡ್ಡ ಜಾರಿತು. ನಮ್ಮ ಹೆದ್ದಾರಿಗಳಲ್ಲಿ ಜನ ಸತ್ತಾಗಲೆಲ್ಲ ಈ ಮೂರರಲ್ಲಿ ಒಂದು ಉತ್ತರ ಸಿದ್ಧವಾಗಿರುತ್ತದೆ. ಈ ಮೂರೂ ಅಪಾಯಗಳು ಒಂದೇ ರಸ್ತೆಯ ಮೇಲಿವೆ, ಆ ರಸ್ತೆ ನಮ್ಮ ಮನೆ ಮುಂದೆಯೇ ಇದೆ. ಹಾಗಾಗಿ ಅದನ್ನೇ ಹಿಡಿದು ನೋಡೋಣ: ಇದರಲ್ಲಿ ಆಕಾಶದ ಪಾಲೆಷ್ಟು, ನಾವು ಕಟ್ಟಿದ ರಸ್ತೆಯ ಪಾಲೆಷ್ಟು?

ಯಾವುದು ಈ ರಸ್ತೆ?

ನಾವು ಬಳ್ಳಾರಿ ರೋಡ್, ಏರ್‌ಪೋರ್ಟ್ ರೋಡ್ ಅಂತ ಕರೆಯುವ ರಸ್ತೆ ಸರ್ಕಾರಿ ದಾಖಲೆಯಲ್ಲಿ ರಾಷ್ಟ್ರೀಯ ಹೆದ್ದಾರಿ 44. ಶ್ರೀನಗರದಿಂದ ಕನ್ಯಾಕುಮಾರಿವರೆಗೆ 3,700 ಕಿಲೋಮೀಟರ್‌ಗೂ ಉದ್ದ, ದೇಶದ ಅತಿ ಉದ್ದದ ಹೆದ್ದಾರಿ. 2010ರಲ್ಲಿ ಹೆದ್ದಾರಿಗಳಿಗೆ ಹೊಸ ಸಂಖ್ಯೆ ಕೊಟ್ಟಾಗ ಹಳೆಯ ಹಲವು ಹೆದ್ದಾರಿಗಳನ್ನು ಸೇರಿಸಿ ಇದನ್ನು ಮಾಡಿದರು. ಅದಕ್ಕೂ ಮೊದಲು ನಮ್ಮ ಭಾಗಕ್ಕೆ ಎನ್‌ಎಚ್ 7 ಎಂಬ ಹೆಸರಿತ್ತು, ಹಿರಿಯ ಲಾರಿ ಚಾಲಕರು ಈಗಲೂ ಹಾಗೇ ಕರೆಯುತ್ತಾರೆ. ಕರ್ನಾಟಕದಲ್ಲಿ ಇದು ಬಾಗೇಪಲ್ಲಿ ಕಡೆಯಿಂದ ಒಳಬಂದು ಚಿಕ್ಕಬಳ್ಳಾಪುರ, ದೇವನಹಳ್ಳಿ, ಯಲಹಂಕ, ಹೆಬ್ಬಾಳ ದಾಟಿ ಅತ್ತಿಬೆಲೆಯಲ್ಲಿ ತಮಿಳುನಾಡಿಗೆ ಹೋಗುತ್ತದೆ.

ಹೆಬ್ಬಾಳದ ಮೇಲ್ಸೇತುವೆ 2003ರಲ್ಲಿ ತೆರೆಯಿತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾಯಿತು. ಆಮೇಲೆ ಎತ್ತರಿಸಿದ ಎಕ್ಸ್‌ಪ್ರೆಸ್‌ವೇ, ಸಾದಹಳ್ಳಿ ಟೋಲ್, ಈಗ ಮೆಟ್ರೋ ಕಂಬಗಳು. ಇಪ್ಪತ್ತು ವರ್ಷಗಳಿಂದ ಇಲ್ಲಿ ಕಾಮಗಾರಿ ನಿಂತೇ ಇಲ್ಲ. ಅದರ ಫಲ ಮಳೆ ಬಂದಾಗ ಗೊತ್ತಾಗುತ್ತದೆ.

ನೀರು: ಹೆದ್ದಾರಿ ಕೆರೆಗಳ ನಡುವೆ ಹಾದಾಗ

ಬೆಂಗಳೂರಿನ ಮಳೆನೀರು ಮುಖ್ಯವಾಗಿ ಮೂರು ಕಣಿವೆಗಳಲ್ಲಿ ಹರಿಯುತ್ತದೆ: ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ. ನಮ್ಮದು ಹೆಬ್ಬಾಳ ಕಣಿವೆ. ಇದರ ನೀರು ಕೆರೆಯಿಂದ ಕೆರೆಗೆ ಇಳಿಯುತ್ತಾ ದಕ್ಷಿಣ ಪಿನಾಕಿನಿ ಸೇರುತ್ತದೆ. ಯಲಹಂಕ ಕೆರೆ ಕೋಡಿ ಹರಿದರೆ ನೀರು ಜಕ್ಕೂರು ಕೆರೆಗೆ, ಅಲ್ಲಿಂದ ರಾಚೇನಹಳ್ಳಿ ಕೆರೆಗೆ.

ಈಗ ನಕ್ಷೆ ತೆಗೆದು ನೋಡಿ. ಯಲಹಂಕ ಕೆರೆ ಬಳ್ಳಾರಿ ರಸ್ತೆಯ ಪಶ್ಚಿಮಕ್ಕಿದೆ, ಜಕ್ಕೂರು ಕೆರೆ ಪೂರ್ವಕ್ಕಿದೆ. ಅಂದರೆ ನೀರು ಹೆದ್ದಾರಿಯನ್ನು ದಾಟಲೇಬೇಕು. ದಾಟುವುದು ರಸ್ತೆ ಕೆಳಗಿನ ಮೋರಿಯಲ್ಲಿ. ಸುತ್ತ ಹೊಲ, ತೋಟ ಇದ್ದಾಗ ಮಳೆಯ ದೊಡ್ಡ ಪಾಲನ್ನು ಮಣ್ಣು ಕುಡಿಯುತ್ತಿತ್ತು, ಉಳಿದದ್ದು ನಿಧಾನವಾಗಿ ಬರುತ್ತಿತ್ತು. ಈಗ ತಾರಸಿ, ಕಾಂಕ್ರೀಟು, ಡಾಂಬರು. ಅದೇ ಮಳೆ ಬಂದರೂ ಹೆಚ್ಚು ನೀರು, ಕಡಿಮೆ ಹೊತ್ತಿನಲ್ಲಿ ಬರುತ್ತದೆ. ಮೋರಿಗೆ ಅದು ಹಿಡಿಸದಿದ್ದರೆ ಹೆದ್ದಾರಿಯೇ ಅಣೆಕಟ್ಟು.

2021ರ ನವೆಂಬರ್‌ನಲ್ಲಿ ಯಲಹಂಕ ಕೆರೆ ಉಕ್ಕಿ, ಬಳ್ಳಾರಿ ರಸ್ತೆ ಪಕ್ಕದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟ್ ಮುಳುಗಿತು. ಜನರನ್ನು ದೋಣಿಯಲ್ಲಿ ಹೊರತಂದರು. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಬಂದು ನೋಡಿ ರಾಜಕಾಲುವೆ ಅಗಲ ಮಾಡಿಸುವ ಭರವಸೆ ಕೊಟ್ಟರು. 2024ರ ಅಕ್ಟೋಬರ್‌ನಲ್ಲಿ ಅದೇ ಅಪಾರ್ಟ್‌ಮೆಂಟ್ ಮತ್ತೆ ಮುಳುಗಿತು, ದೋಣಿಗಳು ಮತ್ತೆ ಬಂದವು. ಅಷ್ಟರಲ್ಲಿ ಸರ್ಕಾರ ಬದಲಾಗಿತ್ತು, ಮೂರು ವರ್ಷ ಕಳೆದಿತ್ತು. 2021ರ ಅಕ್ಟೋಬರ್‌ನಲ್ಲಿ ವಿಮಾನ ನಿಲ್ದಾಣದ ಮುಂದೆ ನೀರು ನಿಂತು ಪ್ರಯಾಣಿಕರು ಟ್ರ್ಯಾಕ್ಟರ್ ಹತ್ತಿ ಟರ್ಮಿನಲ್ ತಲುಪಿದ್ದು ಕೂಡ ನಿಮಗೆ ನೆನಪಿರಬಹುದು.

ಇದನ್ನು ತಡೆಯುವ ವಿದ್ಯೆ ಹೊಸದೇನಲ್ಲ. ಭಾರತೀಯ ರಸ್ತೆ ಕಾಂಗ್ರೆಸ್ (ಐಆರ್‌ಸಿ) ಹೆದ್ದಾರಿಗಳ ನೀರು ಹರಿವಿಗೆ ಒಂದು, ನಗರದ ಚರಂಡಿ ವ್ಯವಸ್ಥೆಗೆ ಇನ್ನೊಂದು ಮಾರ್ಗಸೂಚಿ ಪುಸ್ತಕ ತಂದಿದೆ. ಮಳೆ ಹೆಚ್ಚಿರುವ ಕಡೆ ಡಾಂಬರು ರಸ್ತೆಗೆ ಅಡ್ಡ ಇಳಿಜಾರು ಶೇ. 2.5, ಅಂದರೆ ಒಂದು ಮೀಟರ್ ಅಗಲಕ್ಕೆ ಎರಡೂವರೆ ಸೆಂಟಿಮೀಟರ್ ಇರಬೇಕು. ಇದನ್ನು ಇಂಜಿನಿಯರುಗಳು ಕ್ಯಾಂಬರ್ ಅನ್ನುತ್ತಾರೆ. ಹಳೇ ಡಾಂಬರನ್ನು ಕೆರೆಯದೆ ಮೇಲೆ ಮೇಲೆ ಹೊಸದನ್ನು ಹಾಕುತ್ತಾ ಹೋದರೆ ಈ ಇಳಿಜಾರೂ ಕೆಡುತ್ತದೆ, ಚರಂಡಿ ಬಾಯಿಯೂ ಮುಚ್ಚುತ್ತದೆ. ನಾನು ಬಿದ್ದ ಜಾಗಕ್ಕೆ ಆಮೇಲೆ ಬಿಸಿಲಲ್ಲಿ ಹೋಗಿ ನೋಡಿದೆ. ಚರಂಡಿಯ ಜಾಲರಿ ರಸ್ತೆಗಿಂತ ನಾಲ್ಕು ಬೆರಳು ಎತ್ತರದಲ್ಲಿತ್ತು! ನೀರು ಮೇಲಕ್ಕೆ ಹರಿಯಬೇಕಿತ್ತೇನೋ.

ಮಂಜು: ಕಾಣದ ಲಾರಿ

ಹೆಬ್ಬಾಳದಿಂದ ಉತ್ತರಕ್ಕೆ ಹೋದಂತೆ ಅಪಾಯದ ರೂಪ ಬದಲಾಗುತ್ತದೆ. ದೇವನಹಳ್ಳಿ, ಚಿಕ್ಕಬಳ್ಳಾಪುರದ ಬಯಲು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಆಸುಪಾಸಿನಲ್ಲಿದೆ, ಪಕ್ಕದಲ್ಲೇ ನಂದಿ ಬೆಟ್ಟ. ಮಳೆಗಾಲ ಮುಗಿಯುವ ಹೊತ್ತಿಗೆ ನೆಲ ತೇವವಾಗಿರುತ್ತದೆ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಯಲ್ಲಿ ನೆಲ ಬೇಗ ತಣ್ಣಗಾಗಿ ಅದರ ಮೇಲಿನ ತೇವದ ಗಾಳಿ ಮಂಜಾಗುತ್ತದೆ. ಚಳಿಗಾಲದ ಬೆಳಗಿನಲ್ಲಿ ನಮ್ಮ ವಿಮಾನಗಳು ತಡವಾಗುವುದು ಇದರಿಂದಲೇ. ವಿಮಾನಕ್ಕೆ ‘ಸದ್ಯ ಹಾರಬೇಡ’ ಅನ್ನಲು ಒಂದು ವ್ಯವಸ್ಥೆ ಇದೆ. ಅದೇ ಹೊತ್ತಿಗೆ ಪಕ್ಕದ ಹೆದ್ದಾರಿಯಲ್ಲಿ ಹೋಗುವ ಟೆಂಪೋಗೆ ಹಾಗೆ ಹೇಳುವವರು ಯಾರು?

2023ರ ಅಕ್ಟೋಬರ್ 26ರ ಬೆಳಿಗ್ಗೆ ಚಿಕ್ಕಬಳ್ಳಾಪುರದ ಹತ್ತಿರ, ಇದೇ ಎನ್‌ಎಚ್ 44ರಲ್ಲಿ, ಬೆಂಗಳೂರಿನ ಕಡೆ ಬರುತ್ತಿದ್ದ ಟಾಟಾ ಸುಮೋ ನಿಂತಿದ್ದ ಟ್ಯಾಂಕರ್‌ಗೆ ಹಿಂದಿನಿಂದ ಗುದ್ದಿತು. 13 ಮಂದಿ ಸತ್ತರು. ಮಂಜಿನಿಂದ ರಸ್ತೆ ಕಾಣಲಿಲ್ಲ ಎಂಬುದು ಎಲ್ಲ ವರದಿಗಳಲ್ಲೂ ಬಂತು. ನಿಜವೇ. ಆದರೆ ಮಂಜು ಟ್ಯಾಂಕರನ್ನು ಅಲ್ಲಿ ತಂದು ನಿಲ್ಲಿಸಲಿಲ್ಲ.

ಲೆಕ್ಕ ನೋಡಿ. ಐಆರ್‌ಸಿ ಪ್ರಕಾರ ಗಂಟೆಗೆ 80 ಕಿ.ಮೀ. ವೇಗದಲ್ಲಿರುವ ವಾಹನ ನಿಲ್ಲಲು 120 ಮೀಟರ್ ಬೇಕು. 100 ಕಿ.ಮೀ. ವೇಗಕ್ಕೆ 180 ಮೀಟರ್. ಹವಾಮಾನ ಇಲಾಖೆ ‘ಅತಿ ದಟ್ಟ ಮಂಜು’ ಅನ್ನುವುದು 50 ಮೀಟರ್ ಆಚೆ ಕಾಣದಿದ್ದಾಗ. ಅಂಥ ಹೊತ್ತಲ್ಲಿ ಸುರಕ್ಷಿತ ವೇಗ ಗಂಟೆಗೆ 40 ಕಿ.ಮೀ. ಆಸುಪಾಸು ಅಷ್ಟೇ. ನಾವು ಕಟ್ಟಿದ್ದು ನೂರರಲ್ಲಿ ಓಡಿಸಿ ಅಂತ ಕರೆಯುವ ರಸ್ತೆ. ಚಾಲಕ ವೇಗ ಕಡಿಮೆ ಮಾಡಬೇಕು, ಸಂದೇಹವೇ ಇಲ್ಲ. ಅವನಿಗೆ ಮುಂಚೆಯೇ ಎಚ್ಚರಿಕೆ ಕೊಡುವ ಫಲಕ, ಹೊಳೆಯುವ ಅಂಚು ಪಟ್ಟಿ, ರಾತ್ರಿಯಿಡೀ ಓಡಿಸಿದ ಲಾರಿಯವನಿಗೆ ರಸ್ತೆಯಿಂದ ಹೊರಗೆ ನಿಲ್ಲಿಸಿ ಮಲಗುವ ಜಾಗ, ಕೆಟ್ಟು ನಿಂತ ಗಾಡಿಯನ್ನು ತಕ್ಷಣ ಎಳೆದೊಯ್ಯುವ ಗಸ್ತು, ಇವೂ ಇರಬೇಕು. ಟೋಲ್ ಕಟ್ಟುವುದು ಇದಕ್ಕೂ ಸೇರಿಸಿಯೇ.

ಗುಡ್ಡ: ಅದೇ ರಸ್ತೆಯ ಇನ್ನೊಂದು ತುದಿ

ಇದೇ ಎನ್‌ಎಚ್ 44 ಉತ್ತರದ ತುದಿಯಲ್ಲಿ ಜಮ್ಮುವಿನಿಂದ ಶ್ರೀನಗರಕ್ಕೆ ಹತ್ತುತ್ತದೆ. ನಡುವೆ ರಾಂಬನ್ ಜಿಲ್ಲೆ: ಸಡಿಲ ಬಂಡೆಯ ಎಳೆಯ ಹಿಮಾಲಯ. ಚತುಷ್ಪಥಕ್ಕಾಗಿ ಅಲ್ಲಿ ಗುಡ್ಡಗಳ ಬುಡ ಕಡಿದಿದ್ದಾರೆ, ಸುರಂಗ ಕೊರೆದಿದ್ದಾರೆ. 2017ರಲ್ಲಿ ತೆರೆದ 9 ಕಿ.ಮೀ. ಉದ್ದದ ಚೆನಾನಿ–ನಶ್ರಿ ಸುರಂಗದಿಂದ ಪ್ರಯಾಣ ಸುಲಭವಾಯಿತು, ಹಿಮ ಬಿದ್ದಾಗ ಮುಚ್ಚುತ್ತಿದ್ದ ದಾರಿ ತಪ್ಪಿತು. ಅದನ್ನು ಒಪ್ಪಲೇಬೇಕು. ಆದರೆ 2022ರ ಮೇ ತಿಂಗಳಲ್ಲಿ ರಾಂಬನ್‌ನ ಖೂನಿ ನಾಲಾ ಬಳಿ ಕೊರೆಯುತ್ತಿದ್ದ ಸುರಂಗದ ಬಾಯಿ ಕುಸಿದು 10 ಕಾರ್ಮಿಕರು ಸತ್ತರು. 2025ರ ಏಪ್ರಿಲ್‌ನಲ್ಲಿ ಭಾರಿ ಮಳೆಗೆ ರಾಂಬನ್‌ನಲ್ಲಿ ಮಣ್ಣು ಹರಿದು ಹೆದ್ದಾರಿ ಬಂದ್ ಆಯಿತು. ಅದೇ ವರ್ಷ ಆಗಸ್ಟ್ ಕೊನೆಯ ಮಳೆಗೆ ಮತ್ತೆ ಬಂದ್. ಸೇಬಿನ ಸುಗ್ಗಿಯ ಹೊತ್ತು. ಲಾರಿಗಳಲ್ಲೇ ಹಣ್ಣು ಕೊಳೆಯಿತು, ಕೊನೆಗೆ ಸೆಪ್ಟೆಂಬರ್‌ನಲ್ಲಿ ರೈಲ್ವೆ ಸೇಬಿಗಾಗಿ ಪಾರ್ಸೆಲ್ ರೈಲು ಓಡಿಸಬೇಕಾಯಿತು.

ಇದು ದೂರದ ಕಾಶ್ಮೀರದ ಕತೆ ಅನ್ನಿಸಿದರೆ ನಮ್ಮ ಕರಾವಳಿಯನ್ನು ನೋಡಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಎನ್‌ಎಚ್ 66ರ ಮೇಲೆ ಗುಡ್ಡ ಜಾರಿತು. ರಸ್ತೆ ಬದಿಯ ಚಹಾ ಅಂಗಡಿ, ಅಲ್ಲಿ ನಿಂತಿದ್ದ ವಾಹನಗಳು ಮಣ್ಣಿನೊಂದಿಗೆ ಗಂಗಾವಳಿ ನದಿಗೆ ಹೋದವು. ಒಂದು ಲಾರಿಯನ್ನು ಮೇಲೆತ್ತಲು ಎರಡು ತಿಂಗಳು ಹಿಡಿಯಿತು. ಅಲ್ಲೂ ‘ಮಳೆ ಜಾಸ್ತಿ ಇತ್ತು’. ಕಡಿದಾಗಿ ಕತ್ತರಿಸಿದ ಗುಡ್ಡಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಇಳಿಜಾರು ಕೊಡಬೇಕು, ಒಳಗಿನ ನೀರು ಹೊರಬರಲು ದಾರಿ ಬಿಡಬೇಕು. ಅದು ಆಗದಿದ್ದರೆ ಮಳೆ ಕೊನೆಯ ತಳ್ಳು ಕೊಡುತ್ತದೆ, ಅಷ್ಟೇ.

ಹಾಗಾದರೆ ಎಲ್ಲ ತಪ್ಪೂ ಹವಾಮಾನದ್ದಲ್ಲವಾ?

ಅಂಕಿ ಅಂಶವನ್ನೇ ಕೇಳೋಣ. ಕೇಂದ್ರ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ ಶೇ. 36ರಷ್ಟು ರಾಷ್ಟ್ರೀಯ ಹೆದ್ದಾರಿಗಳಲ್ಲಿ. ಆ ಹೆದ್ದಾರಿಗಳ ಉದ್ದ ದೇಶದ ಒಟ್ಟು ರಸ್ತೆಯ ಶೇ. 2 ಮಾತ್ರ. ಅದೇ ವರದಿಯಲ್ಲಿ ಸುಮಾರು ಮುಕ್ಕಾಲು ಪಾಲು ಅಪಘಾತ ಆಗಿದ್ದು ಬಿಸಿಲಿನ, ಶುಭ್ರ ಹವೆಯ ದಿನಗಳಲ್ಲಿ. ಅಂದರೆ ಹವಾಮಾನ ಚೆನ್ನಾಗಿದ್ದರೂ ಈ ರಸ್ತೆಗಳು ಕೊಲ್ಲುತ್ತಿವೆ. ಮಳೆ, ಮಂಜು ಬಂದಾಗ ಇದ್ದ ದೋಷ ಇನ್ನಷ್ಟು ಬಯಲಾಗುತ್ತದೆ.

ಇನ್ನೊಂದು ವಿಚಿತ್ರ. ಹೆದ್ದಾರಿಯ ಒಂದು ಜಾಗವನ್ನು ‘ಬ್ಲ್ಯಾಕ್ ಸ್ಪಾಟ್’ ಅಂತ ಗುರುತಿಸಬೇಕಾದರೆ ಸುಮಾರು 500 ಮೀಟರ್ ಒಳಗೆ ಮೂರು ವರ್ಷದಲ್ಲಿ ಸಾವು ಅಥವಾ ತೀವ್ರ ಗಾಯದ 5 ಅಪಘಾತ ಆಗಿರಬೇಕು, ಇಲ್ಲವೇ 10 ಜನ ಸತ್ತಿರಬೇಕು. ಮೊದಲು ಹೆಣ, ಆಮೇಲೆ ಫಲಕ. ಚಿಕ್ಕಬಳ್ಳಾಪುರದಲ್ಲಿ ಆ ಹತ್ತರ ಲೆಕ್ಕ ಒಂದೇ ಬೆಳಿಗ್ಗೆ ಮುಗಿಯಿತು. ಮಂಜು ಎಲ್ಲಿ ಕವಿಯುತ್ತದೆ, ನೀರು ಎಲ್ಲಿ ನಿಲ್ಲುತ್ತದೆ ಅನ್ನುವುದು ಊರಿನವರಿಗೆಲ್ಲ ಗೊತ್ತಿರುತ್ತದೆ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಸಾವು ಯಾಕೆ ಬೇಕು?

ಕಾನೂನು ಏನು ಹೇಳುತ್ತೆ?

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ತಂದಾಗ 198ಎ ಎಂಬ ಕಲಂ ಸೇರಿಸಿದರು. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ನಿಗದಿತ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಆದರೆ ಪ್ರಾಧಿಕಾರ, ಗುತ್ತಿಗೆದಾರ, ಸಲಹೆಗಾರ ಸಂಸ್ಥೆ ಹೊಣೆ. ದಂಡ ಎಷ್ಟು? ಹೆಚ್ಚೆಂದರೆ 1 ಲಕ್ಷ ರೂಪಾಯಿ. ನೂರಾರು ಕೋಟಿಯ ಗುತ್ತಿಗೆಯಲ್ಲಿ ಅದು ಚಿಲ್ಲರೆ ಕಾಸು.

ಆದರೂ ಆ ಕಲಮಿನಲ್ಲಿ ನಮಗೆ ಬೇಕಾದ ಒಂದು ಸಾಲಿದೆ. ರಸ್ತೆ ಅಪಾಯಕಾರಿ ಎಂದು ಹೊಣೆ ಹೊತ್ತವರಿಗೆ ಗೊತ್ತಿತ್ತಾ, ಗೊತ್ತಿರಬೇಕಿತ್ತಾ ಎಂಬುದನ್ನು ನ್ಯಾಯಾಲಯ ಪರಿಗಣಿಸಬೇಕು. ಹಾಗಾಗಿ ಲಿಖಿತ ದೂರು ಮುಖ್ಯ. ದೂರು ತಲುಪಿದ ಮೇಲೆ ‘ನಮಗೆ ಗೊತ್ತಿರಲಿಲ್ಲ’ ಅನ್ನುವುದು ಕಷ್ಟ.

ದೂರು ಯಾರಿಗೆ ಕೊಡೋದು ಎಂಬುದೇ ನಮ್ಮ ದೊಡ್ಡ ತಲೆನೋವು. ಹೆದ್ದಾರಿ ಪ್ರಾಧಿಕಾರ ಒಂದು ಕಡೆ, ಹೆಬ್ಬಾಳ ಮೇಲ್ಸೇತುವೆ ಕಟ್ಟಿದ ಬಿಡಿಎ ಇನ್ನೊಂದು ಕಡೆ, ಕಂಬ ನೆಡುತ್ತಿರುವ ಮೆಟ್ರೋ ನಿಗಮ, ಸಂಚಾರ ಪೊಲೀಸರು, ರಾಜಕಾಲುವೆಗೆ ನಗರಾಡಳಿತ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳು ಬಂದವು. ನೀರಿಗೆ ಮಾತ್ರ ಇವರ ಗಡಿ ಗೊತ್ತಿಲ್ಲ.

ನಾವು ಕೇಳಬೇಕಾದ್ದು

ತಕ್ಷಣದ ಅಪಾಯ, ಅಪಘಾತ, ಕೆಟ್ಟು ನಿಂತ ವಾಹನ ಕಂಡರೆ ರಾಷ್ಟ್ರೀಯ ಹೆದ್ದಾರಿ ಸಹಾಯವಾಣಿ 1033. ಕರೆ ಮಾಡಿದ ದಿನ, ಹೊತ್ತು ಬರೆದಿಟ್ಟುಕೊಳ್ಳಿ. ಗುಂಡಿ ಎಷ್ಟು ಸಮಯದಲ್ಲಿ ಮುಚ್ಚಬೇಕು, ಚರಂಡಿ ಯಾವಾಗ ಸ್ವಚ್ಛ ಮಾಡಬೇಕು ಎಂಬುದು ಗುತ್ತಿಗೆ ಒಪ್ಪಂದದ ಅನುಬಂಧದಲ್ಲಿ ಇರುತ್ತದೆ. 10 ರೂಪಾಯಿಯ ಆರ್‌ಟಿಐ ಅರ್ಜಿಯಲ್ಲಿ ಅದರ ಪ್ರತಿ ಕೇಳಬಹುದು, 30 ದಿನದಲ್ಲಿ ಉತ್ತರ ಕೊಡಬೇಕು. ಜೊತೆಗೆ ಮೂರು ಪ್ರಶ್ನೆ ಸೇರಿಸಿ: ಯಲಹಂಕ ಮತ್ತು ಜಕ್ಕೂರು ನಡುವೆ ಹೆದ್ದಾರಿ ಕೆಳಗಿನ ಮೋರಿಗಳ ಅಳತೆ ಎಷ್ಟು, ಕೊನೆಯ ಬಾರಿ ರಸ್ತೆ ಸುರಕ್ಷತಾ ಪರಿಶೀಲನೆ ನಡೆದದ್ದು ಯಾವಾಗ, ದೇವನಹಳ್ಳಿಯಿಂದ ಬಾಗೇಪಲ್ಲಿವರೆಗೆ ಲಾರಿ ನಿಲ್ಲಿಸಲು ಎಷ್ಟು ಜಾಗ ಇದೆ.

ಬೀದಿಗಿಳಿದು ಘೋಷಣೆ ಕೂಗುವುದಕ್ಕೆ ಹೋಲಿಸಿದರೆ ಇದು ಸಪ್ಪೆ ಕೆಲಸ ಅನ್ನಿಸಬಹುದು, ನನಗೂ ಅನ್ನಿಸಿತ್ತು. ಕೈಗೆ ಪ್ಲಾಸ್ಟರ್ ಹಾಕಿಕೊಂಡು ಕೂತಾಗ ಎಡಗೈಯಲ್ಲಿ ಮೊದಲ ಅರ್ಜಿ ಬರೆದೆ. ನಾಲ್ಕು ತಿಂಗಳ ಮೇಲೆ ಆ ಜಾಲರಿಯನ್ನು ರಸ್ತೆ ಮಟ್ಟಕ್ಕೆ ಇಳಿಸಿದ್ದರು. ನನ್ನ ಅರ್ಜಿಯಿಂದಲೇ ಆಯಿತಾ, ಹೇಳಲಾರೆ. ಅಲ್ಲಿಂದ ಐವತ್ತು ಹೆಜ್ಜೆ ಮುಂದಿನ ಜಾಲರಿ ಈಗಲೂ ಎತ್ತರದಲ್ಲೇ ಇದೆ. ಅದಕ್ಕೆ ಎರಡನೇ ಅರ್ಜಿ ಹಾಕಿದ್ದೇನೆ.